ಚಿಕ್ಕಿಯ ಜೆಲ್ ಅಕ್ಕನಿಗೆ ಯಾಕಾಗದು? ಕ್ಯಾನ್ಸರ್ ದಾಟಿದವರು ಮತ್ತು ಹಾರ್ಮೋನ್ ಚಿಕಿತ್ಸೆ

ಮೇ ತಿಂಗಳ ಕೊನೆ. ಶಿರಸಿ ಹತ್ತಿರದ ನೆಂಟರ ಮನೆಯಲ್ಲಿ ಉಪನಯನ. ಊಟ ಮುಗಿದಿತ್ತು. ಹೆಂಗಸರೆಲ್ಲ ಹಿಂದಿನ ಜಗುಲಿಯಲ್ಲಿ ಕವಳ ಹಾಕುತ್ತ ಕೂತಿದ್ದರು. ಸೆಕೆ ಅಂದರೆ ಸೆಕೆ, ಎಲ್ಲರ ಕೈಯಲ್ಲೂ ಹಾಳೆ ಬೀಸಣಿಗೆ. ಕಾರವಾರದಿಂದ ಬಂದಿದ್ದ ಅಕ್ಕ (ನಮ್ಮ ಅತ್ತಿಗೆಯ ಅಕ್ಕ, ನಾವೆಲ್ಲ ಅಕ್ಕ ಅಂತಲೇ ಕರೆಯುವುದು) ಸೆರಗಿನಿಂದ ಕುತ್ತಿಗೆ ಒರೆಸಿ ಒರೆಸಿ ಸುಸ್ತಾಗಿದ್ದರು. "ಇದು ಹೊರಗಿನ ಸೆಕೆ ಅಲ್ಲ, ಒಳಗಿಂದ ಬರೋದು" ಅಂದರು.

ಪಕ್ಕದಲ್ಲಿದ್ದ ನಮ್ಮ ಚಿಕ್ಕಿಗೆ ಕೂಡಲೇ ಅರ್ಥವಾಯಿತು. "ನಂಗೂ ಹಿಂಗೇ ಆಗ್ತಿತ್ತು. ಡಾಕ್ಟ್ರು ಹಾರ್ಮೋನ್ ಕೊಟ್ಟಮೇಲೆ ನಿಂತೇ ಹೋಯ್ತು."

"ಗುಳಿಗೆ ಹೆಸರು ಬರ್ಕೊಡೆ ಮಾರಾಯ್ತಿ!"

"ಗುಳಿಗೆ ಒಂದೇ ಅಲ್ಲ, ತೋಳಿಗೆ ಹಚ್ಚೋ ಜೆಲ್ಲೂ ಉಂಟು" ಅನ್ನುತ್ತ ಚಿಕ್ಕಿ ಉಪನಯನದ ಕರೆಯೋಲೆಯ ಹಿಂದೆ ಎರಡು ಹೆಸರು ಬರೆದು ಕೊಟ್ಟಳು. ಅಕ್ಕ ಅದನ್ನು ಮಡಚಿ ಪರ್ಸಿಗೆ ಹಾಕಿಕೊಂಡರು.

ಇಬ್ಬರೂ ಕ್ಯಾನ್ಸರ್ ದಾಟಿ ಬಂದವರು. ಚಿಕ್ಕಿಗೆ ಆಗಿದ್ದು ಗರ್ಭಕೋಶದ ಕೊರಳಿನ ಕ್ಯಾನ್ಸರ್. ಅಕ್ಕನಿಗೆ ಸ್ತನದ್ದು. ಇಬ್ಬರಿಗೂ ಕಾಟ ಒಂದೇ. ಆದರೆ ಚಿಕ್ಕಿಗೆ ಬೇಕೇ ಬೇಕಾದ ಔಷಧಿ ಅಕ್ಕನಿಗೆ ಮುಟ್ಟಬಾರದ್ದು. ನಾನು ಡಾಕ್ಟರಲ್ಲ, ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಚಿಕ್ಕಿಯ ಫೈಲು ಹಿಡಿದು ಆಸ್ಪತ್ರೆ ಸುತ್ತಿದ ವರ್ಷಗಳಲ್ಲಿ ಇದನ್ನು ಕೇಳಿ, ಓದಿ ತಿಳಿದುಕೊಂಡೆ. ಆವತ್ತು ಜಗುಲಿಯಲ್ಲಿ ಅಕ್ಕನಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ಗೊಂದಲ ಶುರುವಾಗುವುದೇ ಹೆಸರಿನಿಂದ. ನಮ್ಮ ಕಡೆ "ಹಾರ್ಮೋನ್ ಗುಳಿಗೆ" ಅಂದರೆ ಮೂರು ಬೇರೆ ಬೇರೆ ವಸ್ತು. ಥೈರಾಯ್ಡ್ ಕ್ಯಾನ್ಸರಿಗೆ ಗ್ರಂಥಿ ತೆಗೆಸಿಕೊಂಡವರು ಬೆಳಿಗ್ಗೆ ಖಾಲಿ ಹೊಟ್ಟೆಗೆ ನುಂಗುವ ಥೈರಾಕ್ಸಿನ್ ಒಂದು. ಅದು ನಿಜವಾಗಿಯೂ ಹಾರ್ಮೋನ್, ಜೀವನಪೂರ್ತಿ ಬೇಕು, ಅದರ ಬಗ್ಗೆ ಈ ಲೇಖನದ ಯಾವ ಹೆದರಿಕೆಯೂ ಸಲ್ಲದು. ಎರಡನೆಯದು ಸ್ತನ ಕ್ಯಾನ್ಸರ್ ಆದವರಿಗೆ ಐದು ವರ್ಷ, ಕೆಲವೊಮ್ಮೆ ಹತ್ತು ವರ್ಷ ಕೊಡುವ ಟಮಾಕ್ಸಿಫೆನ್, ಲೆಟ್ರೊಜೋಲ್, ಅನಾಸ್ಟ್ರೊಜೋಲ್. ಇವನ್ನೂ ಹಾರ್ಮೋನ್ ಚಿಕಿತ್ಸೆ ಅಂತಲೇ ಕರೆಯುತ್ತಾರೆ. ಆದರೆ ಇವು ಹಾರ್ಮೋನ್ ಅಲ್ಲ, ಹಾರ್ಮೋನಿನ ಕೆಲಸ ಕೆಡಿಸುವ ಗುಳಿಗೆಗಳು. ಮೂರನೆಯದು ಎಚ್‌ಆರ್‌ಟಿ. ಮುಟ್ಟು ನಿಂತಮೇಲೆ ಕಡಿಮೆಯಾದ ಈಸ್ಟ್ರೊಜೆನ್ನನ್ನು ಹೊರಗಿಂದ ತುಂಬಿಕೊಡುವುದು. ಚಿಕ್ಕಿಯದು ಈ ಮೂರನೆಯದು. ಅಕ್ಕ ಎರಡು ವರ್ಷದಿಂದ ದಿನಾ ನುಂಗುತ್ತಿರುವುದು ಎರಡನೆಯದು, ಲೆಟ್ರೊಜೋಲ್. ಮೈಯಲ್ಲಿ ಈಸ್ಟ್ರೊಜೆನ್ ತಯಾರಾಗಲೇಬಾರದು ಅಂತ ಒಂದು ಗುಳಿಗೆ ನುಂಗಿ, ಅದೇ ಈಸ್ಟ್ರೊಜೆನ್ನನ್ನು ತೋಳಿಗೆ ಹಚ್ಚಿಕೊಂಡರೆ ಹೇಗೆ ಅಲ್ವಾ?

ಕಾರಣ ತೋಟದ ಭಾಷೆಯಲ್ಲಿ ಹೇಳಿದರೆ ಸುಲಭ. ಈಸ್ಟ್ರೊಜೆನ್ ಗೊಬ್ಬರ ಇದ್ದ ಹಾಗೆ. ಮೂಳೆ, ರಕ್ತನಾಳ, ಯೋನಿಯ ಒಳಪದರ, ನಿದ್ದೆ, ಮೈಯ ಬಿಸಿಯ ಲೆಕ್ಕಾಚಾರ ಎಲ್ಲಕ್ಕೂ ಅದು ಬೇಕು. ಆದರೆ ಅಡಿಕೆ ಬುಡಕ್ಕೆ ಹಾಕಿದ ಗೊಬ್ಬರವನ್ನು ಕಳೆಯೂ ತಿನ್ನುತ್ತದೆ. ಎಲ್ಲ ಕಳೆಯೂ ಅಲ್ಲ, ಅದನ್ನು ತಿನ್ನಲು ಬಾಯಿ ಇರುವ ಕಳೆ ಮಾತ್ರ. ಕೆಲವು ಕ್ಯಾನ್ಸರ್ ಕೋಶಗಳಿಗೆ ಈಸ್ಟ್ರೊಜೆನ್ ಹಿಡಿಯುವ ಬಾಯಿ ಇರುತ್ತದೆ, ಕೆಲವಕ್ಕೆ ಇರುವುದಿಲ್ಲ. ಬಯಾಪ್ಸಿ ರಿಪೋರ್ಟಿನಲ್ಲಿ "ಇಆರ್ ಪಾಸಿಟಿವ್, ಪಿಆರ್ ಪಾಸಿಟಿವ್" ಅಂತ ಬರೆದಿರುತ್ತದಲ್ಲ, ಇಆರ್ ಅಂದರೆ ಆ ಬಾಯಿಯ ಲೆಕ್ಕವೇ, ಪಿಆರ್ ಅಂದರೆ ಪ್ರೊಜೆಸ್ಟೆರಾನ್ ಅನ್ನುವ ಇನ್ನೊಂದು ಹಾರ್ಮೋನ್ ಹಿಡಿಯುವ ಬಾಯಿಯ ಲೆಕ್ಕ. ಸ್ತನ ಕ್ಯಾನ್ಸರುಗಳಲ್ಲಿ ಹೆಚ್ಚಿನವು ಇಆರ್ ಪಾಸಿಟಿವ್. ಟಮಾಕ್ಸಿಫೆನ್ ಆ ಬಾಯಿಗೆ ಬಟ್ಟೆ ತುರುಕುತ್ತದೆ. ಲೆಟ್ರೊಜೋಲ್ ಗೊಬ್ಬರದ ಗುಂಡಿಯನ್ನೇ ಬರಿದು ಮಾಡುತ್ತದೆ. ಗುಂಡಿ ಬರಿದಾದಾಗ ಮೈಗೆ ಸೆಕೆ ಏರುವುದು ಸಹಜ. ಅಂದರೆ ಅಕ್ಕನ ಸೆಕೆ, ಗುಳಿಗೆ ತನ್ನ ಕೆಲಸ ಮಾಡುತ್ತಿರುವುದರ ಗುರುತೂ ಹೌದು. ಹಾಗಂತ ಹೇಳಿದರೆ ರಾತ್ರಿ ನಿದ್ದೆ ಬರುವುದಿಲ್ಲ, ಅದೂ ನನಗೆ ಗೊತ್ತು.

ಇದು ಬರೀ ತರ್ಕ ಅಲ್ಲ, ಮಾಡಿ ನೋಡಿದ ಮಾತು. ಸ್ತನ ಕ್ಯಾನ್ಸರ್ ಚಿಕಿತ್ಸೆ ಮುಗಿಸಿದ, ಸೆಕೆಯಿಂದ ಕಂಗೆಟ್ಟ ಹೆಂಗಸರ ಮೇಲೆ ಸ್ವೀಡನ್ ಮುಂದಾಳತ್ವದಲ್ಲಿ ಹ್ಯಾಬಿಟ್ಸ್ ಅನ್ನುವ ಅಧ್ಯಯನ ನಡೆಯಿತು. ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ, ಒಂದಕ್ಕೆ ಎಚ್‌ಆರ್‌ಟಿ ಕೊಟ್ಟರು, ಇನ್ನೊಂದಕ್ಕೆ ಇಲ್ಲ. 2003ರ ಡಿಸೆಂಬರಿನಲ್ಲಿ ಅದನ್ನು ಅರ್ಧಕ್ಕೇ ನಿಲ್ಲಿಸಬೇಕಾಯಿತು. ಮುಂದೆ 2008ರಲ್ಲಿ ಪೂರ್ತಿ ಲೆಕ್ಕ ಬಂತು. ಹಾರ್ಮೋನ್ ತಗೊಂಡ 221 ಜನರಲ್ಲಿ 39 ಮಂದಿಗೆ ಸ್ತನ ಕ್ಯಾನ್ಸರ್ ಮರಳಿ ಬಂದಿತ್ತು ಅಥವಾ ಹೊಸದಾಗಿ ಬಂದಿತ್ತು. ತಗೊಳ್ಳದ 221 ಜನರಲ್ಲಿ 17 ಮಂದಿಗೆ.

ಅದೇ ಹೊತ್ತಿಗೆ ಸ್ಟಾಕ್‌ಹೋಮಿನಲ್ಲಿ ನಡೆದ ಇನ್ನೊಂದು ಅಧ್ಯಯನದಲ್ಲಿ ಮೊದಲ ನಾಲ್ಕು ವರ್ಷ ಅಂಥ ವ್ಯತ್ಯಾಸವೇ ಕಾಣಲಿಲ್ಲ. ಅಲ್ಲಿ ಪ್ರೊಜೆಸ್ಟೊಜೆನ್ (ಈಸ್ಟ್ರೊಜೆನ್ ಜೊತೆ ಕೊಡುವ, ಪ್ರೊಜೆಸ್ಟೆರಾನ್ ಥರದ ಔಷಧಿ) ಕಡಿಮೆ ಬೀಳುವ ಹಾಗೆ ಔಷಧಿ ಹೊಂದಿಸಿದ್ದರು, ಟಮಾಕ್ಸಿಫೆನ್ ತಗೊಳ್ಳುವವರೂ ಜಾಸ್ತಿ ಇದ್ದರು. ಎಚ್‌ಆರ್‌ಟಿ ಪರವಾಗಿ ವಾದಿಸುವವರು ಈ ಅಧ್ಯಯನವನ್ನೇ ಹಿಡಿದುಕೊಳ್ಳುತ್ತಾರೆ. ಆದರೆ ಹತ್ತು ವರ್ಷದ ಲೆಕ್ಕ ನೋಡಿದಾಗ, ಹಾರ್ಮೋನ್ ತಗೊಂಡವರಲ್ಲಿ ಇನ್ನೊಂದು ಕಡೆಯ ಸ್ತನದಲ್ಲಿ ಕ್ಯಾನ್ಸರ್ ಜಾಸ್ತಿ ಕಂಡಿತು. ನನಗೆ ಇದರಲ್ಲಿ ಸಮಾಧಾನ ಪಡುವಂಥದ್ದೇನೂ ಕಾಣಲಿಲ್ಲ.

ಇನ್ನು ಟಿಬೊಲೋನ್, ಮುಟ್ಟು ನಿಂತವರ ಸೆಕೆಗೆ ಕೊಡುವ ಇನ್ನೊಂದು ಗುಳಿಗೆ. ಇದನ್ನು ಪ್ರತ್ಯೇಕ ಹೇಳಲೇಬೇಕು. "ಇದು ಈಸ್ಟ್ರೊಜೆನ್ ಅಲ್ಲ, ಸೇಫ್" ಅನ್ನುವ ಮಾತು ಇದರ ಬಗ್ಗೆಯೇ ಹೆಚ್ಚು ಓಡಾಡುತ್ತದೆ. ಹೌದು, ರಾಸಾಯನಿಕವಾಗಿ ಅದು ಬೇರೆ. ಮೈಯೊಳಗೆ ಹೋಗಿ ಅರ್ಧ ಈಸ್ಟ್ರೊಜೆನ್ನಿನ ಹಾಗೇ ಕೆಲಸ ಮಾಡುತ್ತದೆ. ಸ್ತನ ಕ್ಯಾನ್ಸರ್ ಆದ 3,000ಕ್ಕೂ ಜಾಸ್ತಿ ಹೆಂಗಸರ ಮೇಲೆ ಲಿಬರೇಟ್ ಅನ್ನುವ ದೊಡ್ಡ ಪರೀಕ್ಷೆ ನಡೆದು 2009ರಲ್ಲಿ ಪ್ರಕಟವಾಯಿತು. ಸುಮ್ನೆ ಹಿಟ್ಟಿನ ಗುಳಿಗೆ ತಗೊಂಡವರಲ್ಲಿ ಕ್ಯಾನ್ಸರ್ ಮರಳಿದ್ದು ನೂರಕ್ಕೆ 10.7. ಟಿಬೊಲೋನ್ ತಗೊಂಡವರಲ್ಲಿ 15.2. ಹಾಗಾಗಿ ಸ್ತನ ಕ್ಯಾನ್ಸರ್ ಆದವರಿಗೆ ಮೈಯೆಲ್ಲ ಹರಡುವ ಹಾರ್ಮೋನ್, ಗುಳಿಗೆಯಾಗಲಿ ಜೆಲ್ ಆಗಲಿ ಪ್ಯಾಚ್ ಆಗಲಿ, ಸಾಮಾನ್ಯವಾಗಿ ಬೇಡ. ಇಆರ್ ನೆಗೆಟಿವ್ ಇದ್ದವರ ವಿಷಯದಲ್ಲಿ ತಜ್ಞರ ನಡುವೆ ಚರ್ಚೆ ಇದೆ. ಹಳೆಯ ಕ್ಯಾನ್ಸರಿಗೆ ಬಾಯಿ ಇಲ್ಲದಿದ್ದರೂ, ಮುಂದೆ ಹೊಸದೊಂದು ಹುಟ್ಟಿದರೆ ಅದಕ್ಕೆ ಬಾಯಿ ಇರಬಹುದು. ಅದಕ್ಕೇ ಅಲ್ಲೂ ಮೊದಲು ಬೇರೆ ದಾರಿ ನೋಡುತ್ತಾರೆ.

ನಡುವೆ ಒಂದು ಸುದ್ದಿಯ ವಿಷಯ. 2025ರ ನವೆಂಬರಿನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಎಚ್‌ಆರ್‌ಟಿ ಪೊಟ್ಟಣಗಳ ಮೇಲಿದ್ದ ಕಪ್ಪು ಚೌಕದ ಎಚ್ಚರಿಕೆಯಲ್ಲಿ ಹೆಚ್ಚಿನದನ್ನು ತೆಗೆಯುವುದಾಗಿ ಹೇಳಿತು. ನಮ್ಮ ಕುಟುಂಬದ ವಾಟ್ಸಾಪ್ ಗುಂಪಿಗೂ ಅದು "ಹಾರ್ಮೋನ್ ಪೂರ್ತಿ ಸೇಫ್" ಅನ್ನುವ ರೂಪದಲ್ಲಿ ಬಂತು. ಆ ಎಚ್ಚರಿಕೆಯ ಹಿಂದೆ ಇದ್ದದ್ದು 2002ರ ಅಮೆರಿಕದ ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್, ಅಂದರೆ ಡಬ್ಲ್ಯುಎಚ್‌ಐ ಅಧ್ಯಯನ. ಗರ್ಭಕೋಶ ಇದ್ದ 16,608 ಹೆಂಗಸರು, ಸರಾಸರಿ ವಯಸ್ಸು 63. ಈಸ್ಟ್ರೊಜೆನ್ ಮತ್ತು ಪ್ರೊಜೆಸ್ಟೊಜೆನ್ ಎರಡನ್ನೂ ತಗೊಂಡವರಲ್ಲಿ ಸ್ತನ ಕ್ಯಾನ್ಸರ್, ವರ್ಷಕ್ಕೆ 10,000 ಹೆಂಗಸರಲ್ಲಿ 30 ಇದ್ದದ್ದು 38 ಆಯಿತು. ಹತ್ತು ಸಾವಿರಕ್ಕೆ ಎಂಟು ಜಾಸ್ತಿ. ಪತ್ರಿಕೆಗಳಲ್ಲಿ ಅದು "26 ಪರ್ಸೆಂಟ್ ಏರಿಕೆ" ಅಂತ ಬಂತು, ಜಗತ್ತಿನ ಅರ್ಧ ಹೆಂಗಸರು ಹೆದರಿ ಬಿಟ್ಟರು. ಅದೇ ಅಧ್ಯಯನದ ಇನ್ನೊಂದು ಭಾಗದಲ್ಲಿ, ಗರ್ಭಕೋಶ ತೆಗೆಸಿಕೊಂಡು ಬರೀ ಈಸ್ಟ್ರೊಜೆನ್ ತಗೊಂಡವರಲ್ಲಿ ಸ್ತನ ಕ್ಯಾನ್ಸರ್ ಏರಲಿಲ್ಲ, ನಂತರದ ವರ್ಷಗಳ ಲೆಕ್ಕದಲ್ಲಿ ಕಡಿಮೆಯೇ ಇತ್ತು. ಆರೋಗ್ಯವಾಗಿರುವ, 50ರ ಆಸುಪಾಸಿನ ಹೆಂಗಸಿಗೆ ಹೆದರಿಕೆ ಅತಿಯಾಗಿತ್ತು ಅನ್ನುವುದು ನ್ಯಾಯವೇ. ಆದರೆ ಆ ಮಾತು ಸ್ತನ ಕ್ಯಾನ್ಸರ್ ಆದವರಿಗೆ ಹೇಳಿದ್ದಲ್ಲ. ಅವರಿಗೆ ಬೇಡ ಅನ್ನುವ ಸೂಚನೆ ಹಾಗೇ ಇದೆ. ಫಾರ್ವರ್ಡ್ ಮಾಡುವವರು ಈ ಸಾಲನ್ನು ಮಾತ್ರ ಬಿಟ್ಟಿರುತ್ತಾರೆ.

ಈಗ ಚಿಕ್ಕಿಯ ಕಥೆ. ಇಲ್ಲಿ ತಪ್ಪು ತಿರುಗಿ ಇನ್ನೊಂದು ದಿಕ್ಕಿಗೆ ಆಗುತ್ತದೆ.

ಅವಳಿಗೆ ಕ್ಯಾನ್ಸರ್ ಗೊತ್ತಾದಾಗ 39 ವರ್ಷ. ಆಪರೇಷನ್ ಇಲ್ಲ, ರೇಡಿಯೇಷನ್ನು ಮತ್ತು ಕೀಮೋ. ನಮ್ಮ ಜನ "ಕರೆಂಟ್ ಕೊಡುವುದು" ಅನ್ನುವುದು ಈ ರೇಡಿಯೇಷನ್ನಿಗೇ. ಹೊಟ್ಟೆಯ ಕೆಳಭಾಗಕ್ಕೆ ಅದು ಬಿದ್ದಾಗ ಅಂಡಾಶಯಗಳೂ ಸುಟ್ಟ ಹಾಗೇ. ಕೆಲವೇ ತಿಂಗಳಲ್ಲಿ ಮುಟ್ಟು ನಿಂತಿತು. ಹೀಗಾಗುತ್ತದೆ ಅಂತ ಅವಳಿಗೆ ಯಾರೂ ಮೊದಲು ಹೇಳಿರಲಿಲ್ಲ. ಕ್ಯಾನ್ಸರ್ ಹೋದರೆ ಸಾಕು ಅನ್ನುವ ಗಡಿಬಿಡಿಯಲ್ಲಿ ನಾವೂ ಕೇಳಲಿಲ್ಲ. ಆಮೇಲೆ ಒಬ್ಬ ಡಾಕ್ಟರು "ಕ್ಯಾನ್ಸರ್ ಆದವರಿಗೆ ಹಾರ್ಮೋನ್ ಕೊಡಲಿಕ್ಕಿಲ್ಲ" ಅಂತ ಒಂದೇ ಮಾತಿಗೆ ಕಳಿಸಿಬಿಟ್ಟರು. ಮೂರು ವರ್ಷ ಅವಳು ಬೆವರಿ, ನಿದ್ದೆಗೆಟ್ಟು, ಎಲ್ಲರ ಮೇಲೆ ಹರಿಹಾಯ್ದು ಕಳೆದಳು. ಮೂರನೇ ಮಳೆಗಾಲದಲ್ಲಿ ಅಂಗಳದ ಪಾಚಿಯ ಮೇಲೆ ಜಾರಿ ಕೈ ಮುರಿದುಕೊಂಡಳು. ಎಕ್ಸ್‌ರೇ ನೋಡಿದ ಮೂಳೆ ಡಾಕ್ಟರು ಕೇಳಿದ್ದು ಒಂದೇ ಪ್ರಶ್ನೆ: "ಇವರಿಗೆ ಮುಟ್ಟು ಯಾವಾಗ ನಿಂತಿತು?"

ನಮ್ಮ ದೇಶದ ಹೆಂಗಸರಿಗೆ ಸರಾಸರಿ 46–47ಕ್ಕೆ ಮುಟ್ಟು ನಿಲ್ಲುತ್ತದೆ. 40ಕ್ಕೆ ಮೊದಲೇ ನಿಂತರೆ ಮೂಳೆ ಬೇಗ ಟೊಳ್ಳಾಗುತ್ತದೆ, ಹೃದಯದ ಕಾಯಿಲೆಯ ಸಾಧ್ಯತೆ ಏರುತ್ತದೆ. ಅಂಥವರಿಗೆ ಹಾರ್ಮೋನ್ ಕೊಡುವುದು ಸೆಕೆ ತಡೆಯಲಿಕ್ಕೆ ಮಾತ್ರ ಅಲ್ಲ, ಆ ವಯಸ್ಸಿಗೆ ಮೈಯಲ್ಲಿ ಇರಬೇಕಾದದ್ದನ್ನು ತುಂಬಿಕೊಡಲಿಕ್ಕೆ. ಗರ್ಭಕೋಶದ ಕೊರಳಿನ ಕ್ಯಾನ್ಸರುಗಳಲ್ಲಿ ಹೆಚ್ಚಿನವು ಸ್ಕ್ವೇಮಸ್ ಅನ್ನುವ ಜಾತಿಯವು. ಅವು ಹುಟ್ಟುವುದು ಎಚ್‌ಪಿವಿ ವೈರಸ್ಸಿನಿಂದ, ಈಸ್ಟ್ರೊಜೆನ್ ಗೊಬ್ಬರದಿಂದ ಬೆಳೆಯುವಂಥವಲ್ಲ. ಹಾಗಾಗಿ ಈ ಕ್ಯಾನ್ಸರ್ ಆದ ಸಣ್ಣ ವಯಸ್ಸಿನವರಿಗೆ ಎಚ್‌ಆರ್‌ಟಿ ಕೊಡಬಹುದು, ಕೊಡಬೇಕು ಅಂತಲೇ ಇಂದಿನ ವೈದ್ಯರ ಸಲಹೆ. ಅಡಿನೊಕಾರ್ಸಿನೋಮಾ ಅನ್ನುವ ಇನ್ನೊಂದು ಜಾತಿ ಇದ್ದರೆ ಮಾತ್ರ ಸ್ವಲ್ಪ ಯೋಚಿಸಿ ನಿರ್ಧರಿಸುತ್ತಾರೆ. ಚಿಕ್ಕಿಯದು ಸ್ಕ್ವೇಮಸ್. ಮೂರು ವರ್ಷ ಸುಮ್ನೆ ಹೋದವು.

ಅವಳಿಗೆ ಜೆಲ್ ಜೊತೆ ರಾತ್ರಿ ಒಂದು ಪ್ರೊಜೆಸ್ಟೆರಾನ್ ಗುಳಿಗೆಯೂ ಇದೆ. ಯಾಕೆ ಅಂದರೆ ಗರ್ಭಕೋಶ ಇನ್ನೂ ಒಳಗೇ ಇದೆ. ಬರೀ ಈಸ್ಟ್ರೊಜೆನ್ ಕೊಟ್ಟರೆ ಗರ್ಭಕೋಶದ ಒಳಪದರ ದಪ್ಪವಾಗುತ್ತ ಹೋಗಿ ಅಲ್ಲೇ ಇನ್ನೊಂದು ಕ್ಯಾನ್ಸರ್ ಹುಟ್ಟಬಹುದು. ಪ್ರೊಜೆಸ್ಟೆರಾನ್ ಅದಕ್ಕೆ ಕಡಿವಾಣ. ರೇಡಿಯೇಷನ್ ಆದಮೇಲೂ ಒಳಪದರ ಅಲ್ಪಸ್ವಲ್ಪ ಉಳಿದಿರಬಹುದು, ಅದಕ್ಕೇ ಅದನ್ನು ಬಿಡುವಂತಿಲ್ಲ. ಗರ್ಭಕೋಶ ತೆಗೆಸಿಕೊಂಡವರಿಗೆ ಸಾಮಾನ್ಯವಾಗಿ ಈಸ್ಟ್ರೊಜೆನ್ ಒಂದೇ ಸಾಕು. ಜೆಲ್ಲೇ ಯಾಕೆ ಅಂತಲೂ ನಾನು ಕೇಳಿದ್ದೆ. ಬಾಯಿಂದ ನುಂಗಿದ ಈಸ್ಟ್ರೊಜೆನ್ ಮೊದಲು ಲಿವರಿಗೆ ಹೋಗಿ ರಕ್ತ ಹೆಪ್ಪುಗಟ್ಟುವ ಸ್ವಭಾವ ಹೆಚ್ಚಿಸುತ್ತದೆ. ಚರ್ಮದ ಮೂಲಕ ಹೋದದ್ದಕ್ಕೆ ಆ ತೊಂದರೆ ಕಂಡಿಲ್ಲ. ಕ್ಯಾನ್ಸರ್ ಆದವರಿಗೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಭಯ ಮೊದಲೇ ಇರುತ್ತದೆ. ಪ್ಯಾಚೂ ಚರ್ಮದ ಮೂಲಕವೇ, ಆದರೆ ನಮ್ಮ ಕರಾವಳಿಯ ಬೆವರಿಗೆ ಅಂಟಿಸಿದ್ದು ನಿಲ್ಲಬೇಕಲ್ಲ!

ಉಳಿದ ಕ್ಯಾನ್ಸರುಗಳ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಗರ್ಭಕೋಶದ ಒಳಪದರದ ಕ್ಯಾನ್ಸರಿಗೆ ಈಸ್ಟ್ರೊಜೆನ್ ನೇರ ಗೊಬ್ಬರ, ಹಾಗಾಗಿ ಮೊದಲು ಯಾರೂ ಧೈರ್ಯ ಮಾಡುತ್ತಿರಲಿಲ್ಲ. ಅಮೆರಿಕದಲ್ಲಿ ಆರಂಭದ ಹಂತದಲ್ಲೇ ಆಪರೇಷನ್ ಆದ 1,236 ಹೆಂಗಸರ ಮೇಲೆ ಪರೀಕ್ಷೆ ಮಾಡಿದರು, ಫಲಿತಾಂಶ 2006ರಲ್ಲಿ ಬಂತು. ಮರಳಿ ಬಂದದ್ದು ಈಸ್ಟ್ರೊಜೆನ್ ತಗೊಂಡವರಲ್ಲಿ ನೂರಕ್ಕೆ 2.3, ಉಳಿದವರಲ್ಲಿ 1.9. ಡಬ್ಲ್ಯುಎಚ್‌ಐ ಸುದ್ದಿಗೆ ಹೆದರಿ ಜನ ಸೇರದೆ ಆ ಪರೀಕ್ಷೆಯೂ ಅರ್ಧಕ್ಕೆ ನಿಂತದ್ದರಿಂದ ಅದನ್ನು ಕಡೆಯ ಮಾತು ಅನ್ನಲಾಗದು. ಆದರೂ ಆರಂಭದ ಹಂತದವರಿಗೆ ಬಾಗಿಲು ಪೂರ್ತಿ ಮುಚ್ಚಿಲ್ಲ. ಮುಂದುವರಿದ ಹಂತ, ಅಥವಾ ಗರ್ಭಕೋಶದ ಸಾರ್ಕೋಮಾ ಅನ್ನುವ ಬೇರೆ ಜಾತಿಯ ಕ್ಯಾನ್ಸರ್ ಆದರೆ ಬೇಡ. ಅಂಡಾಶಯದ ಕ್ಯಾನ್ಸರಿನಲ್ಲಿ ಸಾಮಾನ್ಯ ಜಾತಿಯವರಿಗೆ ಹಾರ್ಮೋನ್ ಕೊಟ್ಟರೆ ಕೇಡಾದ ಹಾಗೆ ಕಂಡಿಲ್ಲ. 2015ರಲ್ಲಿ ಪ್ರಕಟವಾದ 150 ಹೆಂಗಸರ ಒಂದು ಪರೀಕ್ಷೆಯಲ್ಲಿ ಹಾರ್ಮೋನ್ ತಗೊಂಡವರೇ ಹೆಚ್ಚು ದಿನ ಬದುಕಿದ್ದರು. ಆದರೆ ಗ್ರಾನ್ಯುಲೋಸಾ ಸೆಲ್, ಲೋ ಗ್ರೇಡ್ ಸೀರಸ್ ಅನ್ನುವ ಜಾತಿಗಳು ಹಾರ್ಮೋನ್ ತಿನ್ನುವಂಥವು, ಅಲ್ಲಿ ಎಚ್ಚರ ಬೇಕು. ರಕ್ತದ ಕ್ಯಾನ್ಸರ್ ಆಗಿ, ಚಿಕಿತ್ಸೆಯಿಂದ ಸಣ್ಣ ವಯಸ್ಸಿಗೇ ಮುಟ್ಟು ನಿಂತ ಹುಡುಗಿಯರಿಗೆ ಸಾಮಾನ್ಯವಾಗಿ ಹಾರ್ಮೋನ್ ಕೊಡುತ್ತಾರೆ. ಗಂಡಸರೂ ಇದರಿಂದ ಹೊರಗಿಲ್ಲ. ಪ್ರಾಸ್ಟೇಟ್ ಕ್ಯಾನ್ಸರಿಗೆ ಇಂಜೆಕ್ಷನ್ ಕೊಟ್ಟು ಟೆಸ್ಟೊಸ್ಟೆರಾನ್ ಇಳಿಸಿದಾಗ ಅವರಿಗೂ ಇದೇ ಸೆಕೆ ಬರುತ್ತದೆ. ಜಗುಲಿಯಲ್ಲಿ ಕೂತು ಹೇಳಿಕೊಳ್ಳುವುದಿಲ್ಲ ಅಷ್ಟೇ.

ಹಾಗಾದರೆ ಅಕ್ಕ ಏನು ಮಾಡಬೇಕು? ಹಾರ್ಮೋನ್ ಇಲ್ಲದ ಔಷಧಿಗಳಿವೆ. ವೆನ್ಲಫಾಕ್ಸಿನ್ ಮೂಲತಃ ಮನಸ್ಸಿನ ಖಿನ್ನತೆಗೆ ಕೊಡುವ ಗುಳಿಗೆ. ಅದರ ಸಣ್ಣ ಪ್ರಮಾಣ ಸೆಕೆಯನ್ನೂ ಇಳಿಸುತ್ತದೆ. ಗಾಬಾಪೆಂಟಿನ್ ರಾತ್ರಿ ಕೊಟ್ಟರೆ ನಿದ್ದೆಗೂ ಒಳ್ಳೆಯದು. ಮೂತ್ರ ಪದೇ ಪದೇ ಬರುವುದಕ್ಕೆ ಕೊಡುವ ಆಕ್ಸಿಬ್ಯುಟಿನಿನ್ನೂ ಕೆಲಸ ಮಾಡುತ್ತದೆ. ಮೆದುಳಿನಲ್ಲಿ ಮೈಬಿಸಿಯ ಲೆಕ್ಕ ತಪ್ಪುವ ಜಾಗಕ್ಕೇ ಹೋಗಿ ಕೆಲಸ ಮಾಡುವ ಫೆಜೊಲಿನೆಟಂಟ್ ಅನ್ನುವ ಹೊಸ ಗುಳಿಗೆಗೆ 2023ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು, ಲಿವರ್ ಪರೀಕ್ಷೆ ಮಾಡಿಸುತ್ತ ತಗೊಳ್ಳಬೇಕು. ಒಂದು ಎಚ್ಚರಿಕೆ: ಟಮಾಕ್ಸಿಫೆನ್ ತಗೊಳ್ಳುವವರಿಗೆ ಪ್ಯಾರಾಕ್ಸೆಟಿನ್, ಫ್ಲೂಆಕ್ಸೆಟಿನ್ ಆಗದು. ಟಮಾಕ್ಸಿಫೆನ್ ಲಿವರಿನಲ್ಲಿ ಬದಲಾಗಿಯೇ ಕೆಲಸಕ್ಕೆ ಬರುವುದು, ಇವು ಆ ಬದಲಾವಣೆಯನ್ನೇ ತಡೆಯುತ್ತವೆ.

ಮುರುಗಲ ಪಾನಕ ಕುಡಿದರೆ ಹಾಯೆನಿಸುತ್ತದೆ, ಕುಡಿಯಿರಿ, ಆದರೆ ಸೆಕೆ ಏರುವುದು ಅದರಿಂದ ನಿಲ್ಲದು. ಬೇರು ಕಷಾಯದಿಂದ ಗುಣವಾಯಿತು ಅನ್ನುವವರು ಸುಳ್ಳು ಹೇಳುತ್ತಿರಲಿಕ್ಕಿಲ್ಲ. ಪರೀಕ್ಷೆಗಳಲ್ಲಿ ಬರೀ ಹಿಟ್ಟಿನ ಗುಳಿಗೆ ಕೊಟ್ಟವರಿಗೂ ಸೆಕೆ ಸಾಕಷ್ಟು ಇಳಿದದ್ದಿದೆ. ಊಟದಲ್ಲಿ ಸೋಯಾ ತಿಂದರೆ ತೊಂದರೆಯಿಲ್ಲ. ಗಿಡದ ಈಸ್ಟ್ರೊಜೆನ್ನನ್ನು ಗಟ್ಟಿ ಮಾಡಿ ತುಂಬಿದ ಕ್ಯಾಪ್ಸೂಲ್ ಮಾತ್ರ, "ನೈಸರ್ಗಿಕ" ಅಂತ ಬರೆದಿದ್ದರೂ, ಬೇಡ.

ಇನ್ನೊಂದು ವಿಷಯ ಅಕ್ಕ ಎಲ್ಲರೂ ಎದ್ದುಹೋದ ಮೇಲೆ, ದನಿ ಇಳಿಸಿ ಕೇಳಿದರು. ಯೋನಿ ಒಣಗಿ ಉರಿ, ಗಂಡನ ಜೊತೆ ಮಲಗಲಾಗದ ನೋವು, ಮತ್ತೆ ಮತ್ತೆ ಮೂತ್ರದ ಸೋಂಕು. ಸ್ತನ ಕ್ಯಾನ್ಸರ್ ದಾಟಿದ ಅದೆಷ್ಟೋ ಹೆಂಗಸರಿಗೆ ಇದೇ ದೊಡ್ಡ ಕಷ್ಟ, ಡಾಕ್ಟರ ಹತ್ತಿರ ಬಾಯಿ ಬಿಡುವುದಿಲ್ಲ. ಮೊದಲು ಹಾರ್ಮೋನ್ ಇಲ್ಲದ ಮಾಯಿಶ್ಚರೈಸರ್, ಲೂಬ್ರಿಕಂಟ್ ನೋಡಬೇಕು. ಸಾಲದಿದ್ದರೆ ಆ ಜಾಗಕ್ಕೆ ಮಾತ್ರ ಹಚ್ಚುವ ಸಣ್ಣ ಪ್ರಮಾಣದ ಈಸ್ಟ್ರೊಜೆನ್ ಕ್ರೀಮ್ ಇದೆ, ರಕ್ತಕ್ಕೆ ಸೇರುವುದು ಬಹಳ ಕಡಿಮೆ. ಡೆನ್ಮಾರ್ಕಿನಲ್ಲಿ 8,461 ಹೆಂಗಸರ ದಾಖಲೆ ನೋಡಿ 2022ರಲ್ಲಿ ಒಂದು ಲೆಕ್ಕ ಕೊಟ್ಟರು. ಒಟ್ಟಾರೆ ಇಂಥ ಕ್ರೀಮ್ ಹಚ್ಚಿದವರಲ್ಲಿ ಕ್ಯಾನ್ಸರ್ ಮರಳುವುದು ಜಾಸ್ತಿಯಾಗಿರಲಿಲ್ಲ. ಲೆಟ್ರೊಜೋಲ್ ಥರದ ಗುಳಿಗೆಯಲ್ಲಿ ಇದ್ದವರಲ್ಲಿ ಮಾತ್ರ ಜಾಸ್ತಿ ಕಂಡಿತು. ಅಂದರೆ ಅಕ್ಕನಂಥವರು ಇದನ್ನು ಕ್ಯಾನ್ಸರ್ ಡಾಕ್ಟರನ್ನೇ ಕೇಳಿ ತೀರ್ಮಾನಿಸಬೇಕು.

ಕೇಳುವುದು ನಮ್ಮ ಜಿಲ್ಲೆಯಲ್ಲಿ ಸುಲಭ ಅಲ್ಲ, ಗೊತ್ತು. ಶಿರಸಿ, ಯಲ್ಲಾಪುರದವರು ಹುಬ್ಬಳ್ಳಿಗೆ, ಕಾರವಾರದವರು ಗೋವಾಕ್ಕೆ, ಭಟ್ಕಳ, ಹೊನ್ನಾವರದವರು ಮಣಿಪಾಲಕ್ಕೆ. ಆಪರೇಷನ್ ಒಂದು ಕಡೆ, ರೇಡಿಯೇಷನ್ ಇನ್ನೊಂದು ಕಡೆ, ಜ್ವರ ಬಂದರೆ ಊರಿನ ಡಾಕ್ಟರು. ಊರಿನ ಡಾಕ್ಟರ ಮುಂದೆ ಕೂತಾಗ ಹಳೆಯ ಫೈಲು ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಮನೆಯ ಅಟ್ಟದ ಮೇಲಿರುತ್ತದೆ. ಬಯಾಪ್ಸಿ ರಿಪೋರ್ಟು ಮತ್ತು ಡಿಸ್ಚಾರ್ಜ್ ಕಾಗದದ ಫೋಟೋ ಮೊಬೈಲಿನಲ್ಲಿ ಇಟ್ಟುಕೊಳ್ಳಿ. ಯಾವ ಜಾತಿಯ ಕ್ಯಾನ್ಸರ್, ಯಾವ ಹಂತ, ಇಆರ್ ಏನು, ಗರ್ಭಕೋಶ ಇದೆಯೋ ತೆಗೆದಿದ್ದಾರೋ, ರಕ್ತ ಹೆಪ್ಪುಗಟ್ಟಿದ್ದಿದೆಯೋ, ಈಗ ಯಾವ ಗುಳಿಗೆ ನಡೆಯುತ್ತಿದೆ. ಇಷ್ಟು ಗೊತ್ತಿಲ್ಲದೆ ಯಾರಾದರೂ "ಆಗುತ್ತದೆ" ಅಂದರೂ ನಂಬಬೇಡಿ, "ಆಗುವುದಿಲ್ಲ" ಅಂದರೂ ನಂಬಬೇಡಿ.

ಅಕ್ಕ ಆ ಕರೆಯೋಲೆ ಹಿಡಿದು ಔಷಧಿ ಅಂಗಡಿಗೆ ಹೋಗಲಿಲ್ಲ. ಮುಂದಿನ ತಪಾಸಣೆಗೆ ಹೋದಾಗ ಡಾಕ್ಟರಿಗೇ ತೋರಿಸಿದರಂತೆ. ಅವರು ವೆನ್ಲಫಾಕ್ಸಿನ್ ಬರೆದುಕೊಟ್ಟರು. ರಾತ್ರಿ ಆರೇಳು ಸಲ ಏಳುತ್ತಿದ್ದದ್ದು ಈಗ ಎರಡಕ್ಕೆ ಇಳಿದಿದೆ, ಬಾಯಿ ಒಣಗುತ್ತದೆ ಅನ್ನುವುದೊಂದು ದೂರು. ಚಿಕ್ಕಿಗೆ ಈಗ 44. ಜೆಲ್ 50ರ ತನಕ ಅಂತ ಅವಳ ಡಾಕ್ಟರು ಹೇಳಿದ್ದಾರೆ, ಆಮೇಲೆ ಬೇಕೋ ಬೇಡವೋ ಆಗ ಕೂತು ನೋಡುವುದು.